ಯುದ್ಧ ಮುಗಿಸಿ ಊರಿಗೆ ಬಂದವರ ಸಮಾಧಿ

ಸಕಲೇಶಪುರದ ಕಡೆ ನಮ್ಮೂರಿನ ಸಿಮಿಟ್ರಿ, ಅಂದರೆ ಕ್ರೈಸ್ತರ ಸ್ಮಶಾನ, ಕಾಫಿ ತೋಟದ ಅಂಚಿನಲ್ಲಿದೆ. ನವೆಂಬರ್ 2ರ ಸತ್ತವರ ಹಬ್ಬಕ್ಕೆ ಮುಂಚೆ ಎಲ್ಲರೂ ಸೇರಿ ಲಂಟಾನ ಕಡಿದು ಸಮಾಧಿ ತೊಳೆಯುತ್ತೇವೆ. ಒಂದು ವರ್ಷ ಹೀಗೆ ತೊಳೆಯುವಾಗ ಅಜ್ಜಿಯೊಬ್ಬರು ಒಂದು ಕಲ್ಲು ತೋರಿಸಿ, "ಇವರು ಬರ್ಮಾ ಯುದ್ಧಕ್ಕೆ ಹೋಗಿ ಬಂದವರು ಕಣಪ್ಪ" ಅಂದರು. ಕಲ್ಲಿನಲ್ಲಿ ಹೆಸರು, ಸತ್ತ ದಿನ ಅಷ್ಟೇ ಇತ್ತು. ಕೇಳುತ್ತಾ ಹೋದರೆ ಇನ್ನೂ ಇಬ್ಬರು ಸಿಕ್ಕರು. ಅವರು 1971ರಲ್ಲಿ ಸೇನೆಯಲ್ಲಿದ್ದವರು.

ಮೊದಲು, ಎರಡು ಮಹಾಯುದ್ಧಗಳಲ್ಲಿ ಸತ್ತ ಸೈನಿಕರ ಹೆಸರು, ಸಮಾಧಿಗಳ ಲೆಕ್ಕ ಇಡುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ದಾಖಲೆಯಲ್ಲಿ ಹುಡುಕಿದೆ. ಎರಡನೇ ಮಹಾಯುದ್ಧಕ್ಕೆ ಅವರು ಲೆಕ್ಕ ಹಿಡಿಯುವುದು 1947ರ ಡಿಸೆಂಬರ್ 31ರೊಳಗೆ ಸತ್ತವರನ್ನು ಮಾತ್ರ. ಬದುಕಿ ಬಂದು, ತೋಟದಲ್ಲಿ ದುಡಿದು, ವಯಸ್ಸಾಗಿ ಹೋದವರು ಅಲ್ಲಿಲ್ಲ. ನಮ್ಮ ಗದ್ದೆ ಬದುವಿನ ವೀರಗಲ್ಲೂ ಹಾಗೆಯೇ. ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಶಿವಪೂಜೆ. ಅದು ಹೋರಾಡಿ ಸತ್ತವನಿಗೆ. ಮನೆಗೆ ಬಂದವರನ್ನು ನೆನೆಯುವುದು ಊರಿನವರದೇ ಕೆಲಸ ಅಲ್ವಾ?

ಬರ್ಮಾದವರ ಕಲ್ಲಿನ ಪಾಚಿಯನ್ನು ನಾನು ತಂತಿ ಬ್ರಷ್‌ನಿಂದ ಉಜ್ಜಿದೆ. ಎರಡು ಅಕ್ಷರ ಸವೆದೇ ಹೋದವು. ಆ ಬೇಸರ ಇನ್ನೂ ಹೋಗಿಲ್ಲ. ಆಮೇಲೆ ಬರೀ ನೀರು, ಮೆತ್ತನೆ ಬ್ರಷ್, ಬಿದಿರಿನ ಕಡ್ಡಿ. ಆಸಿಡ್, ಬ್ಲೀಚಿಂಗ್ ಪೌಡರ್ ಬೇಡವೇ ಬೇಡ. ಮಾಸಿದ ಅಕ್ಷರ ಓದಲು ಸಂಜೆ ಹೋಗಿ, ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಒರಗಿಸಿ ಬೆಳಕು ಬಿಟ್ಟರೆ ಸಾಕು. ಅಕ್ಷರದ ನೆರಳು ಎದ್ದು ಕಾಣುತ್ತದೆ.

ಜಾಸ್ತಿ ಸಮಯ ಹಿಡಿದದ್ದು ವಿವರ ಕೂಡಿಸುವುದಕ್ಕೆ. ಚರ್ಚಿನ ಸಾವಿನ ರಿಜಿಸ್ಟರ್‌ನಲ್ಲಿ ತಾರೀಕು ಸಿಕ್ಕಿತು. ಸೇನೆಯ ವಿವರ ಇದ್ದದ್ದು ಮನೆಗಳ ಟ್ರಂಕಿನಲ್ಲಿ: ಡಿಸ್ಚಾರ್ಜ್ ಬುಕ್, ಪಿಂಚಣಿ ಕಾಗದ, ಬಟ್ಟೆಯಲ್ಲಿ ಸುತ್ತಿಟ್ಟ ಮೆಡಲು. ಒಬ್ಬರ ಮನೆಯಲ್ಲಿ ಸಂಗ್ರಾಮ್ ಮೆಡಲ್ ಇತ್ತು. ಅದು 1971ರ ಯುದ್ಧದ ಹೊತ್ತಿನ ಸೇವೆಗೆ ಕೊಟ್ಟದ್ದು. ಜೊತೆಗೆ ಪೂರ್ವದ ರಣರಂಗದಲ್ಲಿದ್ದವರಿಗೆ ಕೊಟ್ಟ ಪೂರ್ವಿ ಸ್ಟಾರ್ ಕೂಡ ಇದ್ದದ್ದರಿಂದ ಅವರು ಬಾಂಗ್ಲಾ ಕಡೆ ಇದ್ದರು ಅಂತ ಗೊತ್ತಾಯಿತು. ಅವರ ಮಗಳಿಗೇ ಅದು ತಿಳಿದಿರಲಿಲ್ಲ. "ಅಪ್ಪ ಯುದ್ಧದ ಮಾತೇ ಆಡ್ತಿರಲಿಲ್ಲ" ಅಂತ ಆಕೆ ಮೆಡಲನ್ನು ತುಂಬಾ ಹೊತ್ತು ಕೈಯಲ್ಲೇ ಹಿಡಿದು ಕೂತಿದ್ದರು.

ಮನೆಯವರ ಒಪ್ಪಿಗೆ, ಫಾದರ್ ಒಪ್ಪಿಗೆ ಪಡೆದು, ಹಳೇ ಕಲ್ಲುಗಳನ್ನು ಮುಟ್ಟದೆ, ಪ್ರತಿ ಸಮಾಧಿಯ ಕಾಲಡಿ ಅಂಗೈ ಎರಡರಷ್ಟು ಕಪ್ಪು ಕಲ್ಲು ಹೂಳಿಸಿದೆವು. ಸೇನೆಯ ನಂಬರು, ಹೆಸರು, ರೆಜಿಮೆಂಟು, ಸೇವೆಯ ವರ್ಷ. 'ವೀರ', 'ಅಮರ' ಅಂತ ಏನೂ ಸೇರಿಸಲಿಲ್ಲ. ಅವರು ನಿಜವಾಗಿ ಏನಾಗಿದ್ದರೋ ಅಷ್ಟು ಬರೆದರೆ ಸಾಕು ಅಂತ ನನಗನಿಸಿತು.

ಕೆತ್ತುವ ಮುಂಚೆ ಬರಹವನ್ನು ಮನೆಯವರಿಗೆ ತೋರಿಸಲೇಬೇಕು. ನಾವು ತೋರಿಸಿರಲಿಲ್ಲ. 1971ರ ಯುದ್ಧದ ವಿಜಯ ದಿನವಾದ ಡಿಸೆಂಬರ್ 16ಕ್ಕೆ ಎರಡು ದಿನ ಇರುವಾಗ ಇನ್ನೊಬ್ಬ ಸೈನಿಕರ ಹೆಂಡತಿ ಕಲ್ಲಿನ ನಂಬರಿನ ಮೇಲೆ ಬೆರಳಾಡಿಸಿ, "ಏಳಲ್ಲ ಮಗ, ಒಂದು. ಪಿಂಚಣಿಗೆ ಬರೆದು ಬರೆದು ನಂಗೆ ಬಾಯಿಪಾಠ" ಅಂದರು. ಹೊಸ ಕಲ್ಲು ಕೆತ್ತಿಸಿದೆವು. 16ರ ಬೆಳಿಗ್ಗೆ ಅವರು ಮೊದಲು ನಂಬರು ಓದಿದರು. ಆಮೇಲೆ ಮೇಣದಬತ್ತಿ ಹಚ್ಚಿದರು.