ಅಸ್ತ್ರ ಒಲೆ ಹೊಗೆ ಉಗುಳ್ತಿದ್ರೆ ಮೊದಲು ಕೊಳವೆ ನೋಡಿ

ನಮ್ಮ ಚಳ್ಳಕೆರೆ ಕಡೆ ಮನೇಲಿ ಗ್ಯಾಸ್ ಇದ್ದರೂ ಮುದ್ದೆಗೆ, ಸ್ನಾನದ ನೀರಿಗೆ ಸೌದೆ ಒಲೆಯೇ. 14.2 ಕೆಜಿ ಸಿಲಿಂಡರ್ ಎಷ್ಟು ದಿನ ಅಂತ ಬರುತ್ತೆ, ಅಲ್ವಾ? ಅದಕ್ಕೇ ಹಳೇ ಅಸ್ತ್ರ ಒಲೆ ಇದ್ದವರು ಒಡೆದು ಹಾಕಬೇಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಹಳ್ಳಿ ಮನೆಗಳಿಗಂತಲೇ ಮಾಡಿದ ಒಲೆ ಅದು. ಒಂದೇ ಬೆಂಕಿಗೆ ಮೂರು ಪಾತ್ರೆ ಕೂರುತ್ತವೆ.

ನಮ್ಮದು ಹೋದ ಮಳೆಗಾಲದಲ್ಲಿ ಬಾಯಿಂದಲೇ ಹೊಗೆ ಬಿಡೋಕೆ ಶುರು ಮಾಡಿತ್ತು. ಅತ್ತೆ ಸುಮ್ನೆ ಸೌದೆಯನ್ನು ಬೈತಿದ್ದರು. ಕೊಳವೆ ಬಿಚ್ಚಿ ನೋಡಿದರೆ ಮಸಿ ಕಟ್ಟಿ, ಎರಡು ಬೆರಳು ತೂರುವಷ್ಟೇ ಜಾಗ ಉಳಿದಿತ್ತು! ಉದ್ದ ಕೋಲಿಗೆ ಗೋಣಿಚೀಲ ಸುತ್ತಿ ಮೇಲಿಂದ ಎಳೆದೆ. ಅರ್ಧ ಬುಟ್ಟಿ ಮಸಿ. ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಿ, ನಾನು ಕಟ್ಟದೆ ಎರಡು ದಿನ ಕೆಮ್ಮಿದೆ.

ಒಲೆ ಪೂರ್ತಿ ಆರಿದ ಮೇಲೆ ತಿಂಗಳಿಗೊಮ್ಮೆ ಹೀಗೆ ಮಾಡಿದರೆ ಸಾಕು. ಬಿರುಕಿಗೆ ಮಣ್ಣು-ಸಗಣಿ ಮೆತ್ತಿ. ಪಾತ್ರೆ ಇಲ್ಲದ ಕಣ್ಣನ್ನು ಮುಚ್ಚಿಡಿ, ಇಲ್ಲಾಂದ್ರೆ ಹೊಗೆ ಅಲ್ಲಿಂದಲೇ ಮನೆಯೊಳಗೆ ಬರುತ್ತೆ. ಸೌದೆ ಹಸಿಯಿದ್ದರೆ ಮಾತ್ರ ಯಾವ ಒಲೆಯೂ ಕೇಳಲ್ಲ. ಸಣ್ಣಗೆ ಸೀಳಿ ಒಣಗಿಸಿಡಿ. ದಾವಣಗೆರೆ ಕಡೆಯವರಿಗೆ ಒಣಗಿದ ಮೆಕ್ಕೆಜೋಳದ ದಿಂಡು ಇದ್ದೇ ಇದೆ.