ಬಸಪ್ಪ, ಕಲ್ಲಪ್ಪ, ನಿಂಗಪ್ಪ: ಇವರಲ್ಲಿ ಸುಳ್ಳ ಯಾರು?

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ತಾರ್ಕಿಕ ಸಾಮರ್ಥ್ಯದ ಪಾಠ ಹೇಳುವ ನನಗೆ, ಸದಾ ನಿಜ ಹೇಳುವ ಸತ್ಯವಂತರು ಮತ್ತು ಸದಾ ಸುಳ್ಳು ಹೇಳುವ ಸುಳ್ಳರ ಒಗಟುಗಳೆಂದರೆ ವಿಶೇಷ ಪ್ರೀತಿ. ಅಮೆರಿಕದ ತರ್ಕಶಾಸ್ತ್ರಜ್ಞ ರೇಮಂಡ್ ಸ್ಮಲ್ಯನ್ 1978ರ ತಮ್ಮ ಪುಸ್ತಕದಿಂದ ಜನಪ್ರಿಯಗೊಳಿಸಿದ ಈ ಬಗೆಯ ಒಗಟುಗಳು ಈಗ ಪ್ರಶ್ನೆಪತ್ರಿಕೆಗಳಲ್ಲೂ ಕಾಣಿಸಿಕೊಳ್ಳುತ್ತವೆ.

ಹೆಚ್ಚಿನವರು 'ಮೊದಲನೆಯವನು ಸತ್ಯವಂತನೆಂದು ಇಟ್ಟುಕೊಳ್ಳೋಣ' ಎಂದೇ ಆರಂಭಿಸುತ್ತಾರೆ. ಇಬ್ಬರಿದ್ದಾಗ ಇದು ನಡೆಯುತ್ತದೆ. ಆದರೆ ಮೂವರಿದ್ದರೆ 8, ಐವರಿದ್ದರೆ 32 ಸಾಧ್ಯತೆಗಳಾಗುವುದರಿಂದ ನಾನು ಊಹೆಯನ್ನು ಆದಷ್ಟು ಮುಂದೂಡಿ, ಪ್ರತಿಯೊಂದು ಮಾತನ್ನೂ ಮೊದಲು ಸಂಬಂಧವಾಗಿ ಬರೆದುಕೊಳ್ಳುತ್ತೇನೆ. ಒಬ್ಬನು ಇನ್ನೊಬ್ಬನನ್ನು 'ಸುಳ್ಳ' ಎಂದರೆ, ಹೇಳಿದವನು ಯಾರೇ ಆಗಿರಲಿ, ಇಬ್ಬರೂ ಬೇರೆ ಬೇರೆ ಬಗೆಯವರು. 'ಸತ್ಯವಂತ' ಎಂದರೆ ಇಬ್ಬರೂ ಒಂದೇ ಬಗೆಯವರು. 'ನಾನು ಸುಳ್ಳ' ಎಂಬ ಮಾತನ್ನಂತೂ ಇವರಲ್ಲಿ ಯಾರೂ ಆಡಲಾರರು.

ತರಗತಿಗೆಂದು ನಾನೇ ಕಟ್ಟಿದ ಒಂದು ಒಗಟನ್ನು ನೋಡೋಣ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಮೂವರು ನಿಂತಿದ್ದಾರೆ. ಬಸಪ್ಪ, 'ಕಲ್ಲಪ್ಪ ಸುಳ್ಳ' ಎನ್ನುತ್ತಾನೆ. ಕಲ್ಲಪ್ಪ, 'ಬಸಪ್ಪ ಮತ್ತು ನಿಂಗಪ್ಪ ಒಂದೇ ಬಗೆಯವರು' ಎನ್ನುತ್ತಾನೆ. ನಿಂಗಪ್ಪ ಯಾರು? ಮೊದಲ ಮಾತಿನಿಂದ ಬಸಪ್ಪ–ಕಲ್ಲಪ್ಪರಲ್ಲಿ ಸುಳ್ಳ ಒಬ್ಬನೇ ಎಂದಾಯಿತು. ಎರಡನೆಯ ಮಾತು ಸ್ವಲ್ಪ ಸೂಕ್ಷ್ಮವಾದದ್ದು: ಕಲ್ಲಪ್ಪ ಸತ್ಯವಂತನಾದರೆ ಉಳಿದಿಬ್ಬರೂ ಸತ್ಯವಂತರು ಅಥವಾ ಇಬ್ಬರೂ ಸುಳ್ಳರು, ಕಲ್ಲಪ್ಪ ಸುಳ್ಳನಾದರೆ ಉಳಿದಿಬ್ಬರಲ್ಲಿ ಒಬ್ಬ ಮಾತ್ರ ಸುಳ್ಳ. ಹೇಗೆ ನೋಡಿದರೂ ಮೂವರಲ್ಲಿ ಸುಳ್ಳರ ಸಂಖ್ಯೆ ಸೊನ್ನೆ ಅಥವಾ ಎರಡು, ಅಂದರೆ ಸಮಸಂಖ್ಯೆ. ಮೊದಲಿಬ್ಬರಲ್ಲಿ ಒಬ್ಬ ಸುಳ್ಳನಿರುವುದು ಖಚಿತವಾದ್ದರಿಂದ ಇನ್ನೊಬ್ಬ ಸುಳ್ಳ ನಿಂಗಪ್ಪನೇ ಆಗಬೇಕು.

ಇಲ್ಲಿಗೆ ಬಂದಾಗ 'ಸರ, ಬಸಪ್ಪ ಯಾರಂತ ಗೊತ್ತ ಆಗಲಿಲ್ಲಲ್ರೀ' ಎಂಬ ಪ್ರಶ್ನೆ ಬರುತ್ತದೆ. ಗೊತ್ತಾಗುವುದಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಕೇಳದ್ದನ್ನು ಬಿಡಿಸಲು ಹೋಗಿ ಸಮಯ ಕಳೆಯುವವರೇ ಹೆಚ್ಚು. ನಿಂಗಪ್ಪನೂ ಬಾಯಿಬಿಟ್ಟು 'ಬಸಪ್ಪ ಮತ್ತು ನಾನು ಇಬ್ಬರೂ ಸುಳ್ಳರು' ಎಂದರೆ ಆಗ ಉಳಿದದ್ದೂ ತೀರ್ಮಾನವಾಗುತ್ತದೆ. ಅವನು ಸುಳ್ಳನಾದ್ದರಿಂದ ಈ ಮಾತು ಸುಳ್ಳು. ಆದರೆ 'ಇಬ್ಬರೂ ಸುಳ್ಳರು' ಎಂಬುದು ಸುಳ್ಳಾದರೆ 'ಇಬ್ಬರೂ ಸತ್ಯವಂತರು' ಎಂದಾಗುವುದಿಲ್ಲ, 'ಒಬ್ಬನಾದರೂ ಸತ್ಯವಂತ' ಎಂದಷ್ಟೇ ಆಗುತ್ತದೆ. ಆ ಒಬ್ಬನು ಬಸಪ್ಪ. ಹಾಗಾಗಿ ಕಲ್ಲಪ್ಪ ಸುಳ್ಳ. ನನ್ನ ಅನುಭವದಲ್ಲಿ ಅಂಕಗಳು ಹೋಗುವುದು ಊಹೆಯಲ್ಲಲ್ಲ, ಈ ನಿಷೇಧವನ್ನು, ಅಂದರೆ ಒಂದು ಮಾತು ಸುಳ್ಳಾದರೆ ನಿಜವಾಗುವುದು ಏನೆಂಬುದನ್ನು, ಬರೆದುಕೊಳ್ಳುವಲ್ಲಿ.

ಷರತ್ತಿನ ಮಾತುಗಳನ್ನು ಒಪ್ಪಿಸುವುದು ಇನ್ನೂ ಕಷ್ಟ. 'ನಾನು ಸತ್ಯವಂತನಾಗಿದ್ದರೆ ಈ ಚೀಲದಲ್ಲಿ ಮೆಣಸಿನಕಾಯಿ ಇದೆ' ಎಂದು ಒಬ್ಬ ಹೇಳಿದನೆನ್ನಿ. ಅವನು ಸುಳ್ಳನಾಗಿದ್ದರೆ ಈ ಮಾತು ಸುಳ್ಳಾಗಬೇಕು. ತರ್ಕಶಾಸ್ತ್ರದಲ್ಲಿ ಷರತ್ತಿನ ಮಾತು ಸುಳ್ಳಾಗುವುದು ಷರತ್ತು ನಿಜವಾಗಿ ಫಲ ಸುಳ್ಳಾದಾಗ ಮಾತ್ರ. ಆದರೆ ಷರತ್ತು ನಿಜವೆಂದರೆ ಅವನು ಸತ್ಯವಂತನೆಂದೇ ಆಗುತ್ತದೆ, ಅದು ವಿರೋಧಾಭಾಸ. ಆದ್ದರಿಂದ ಅವನು ಸತ್ಯವಂತ, ಚೀಲದಲ್ಲಿ ಮೆಣಸಿನಕಾಯಿಯೂ ಇದೆ. ಇದನ್ನು ಕೇಳಿದವರಿಗೆ ಮೋಸಹೋದಂತೆ ಅನಿಸುವುದು ಸಹಜ. ಅಂಥವರಿಗೆ ನಾನು ವಾದ ಮಾಡದೆ, ಷರತ್ತು ಮತ್ತು ಫಲ ನಿಜವೋ ಸುಳ್ಳೋ ಆದಾಗ ಇಡೀ ಮಾತು ಏನಾಗುತ್ತದೆಂದು ತೋರಿಸುವ ನಾಲ್ಕು ಸಾಲಿನ ಸತ್ಯಕೋಷ್ಟಕವನ್ನು ತಾವೇ ಬರೆದು ತರಲು ಹೇಳುತ್ತೇನೆ.