ಮಂದ ಬೆಳಕಿನ ಅಂಕಣದಲ್ಲಿ ಕ್ಯಾಮೆರಾ ಹಿಡಿದು

ಚಿಕ್ಕಮಗಳೂರಿನಲ್ಲಿ ಮಳೆಗಾಲ ಹಿಡಿದರೆ ಆಟಗಳೆಲ್ಲ ಸೂರಿನಡಿ ಸೇರುತ್ತವೆ. ಹೊರಗೆ ಗಿರಿಯ ಕಡೆಯಿಂದ ಮೋಡ ಇಳಿದು ಮಧ್ಯಾಹ್ನ ಮೂರಕ್ಕೇ ಮುಸ್ಸಂಜೆಯಾಗಿರುತ್ತದೆ. ಒಳಗೆ ಎತ್ತರದ ತಗಡಿನ ಚಾವಣಿಯಿಂದ ಸಾಲು ದೀಪಗಳು. ಕಣ್ಣಿಗೆ ಸಾಕೆನಿಸುವ ಆ ಬೆಳಕು ಕ್ಯಾಮೆರಾಕ್ಕೆ ಸಾಲದು. ಇಲ್ಲಿಯೂ ಹಾಸನದಲ್ಲಿಯೂ ಬ್ಯಾಡ್ಮಿಂಟನ್, ಮ್ಯಾಟ್ ಕಬಡ್ಡಿ ಪಂದ್ಯಗಳನ್ನು ಪತ್ರಿಕೆಗಾಗಿ ತೆಗೆಯುತ್ತ ನಾನು ರೂಢಿಸಿಕೊಂಡ ಕ್ರಮವನ್ನು ಬರೆಯುತ್ತಿದ್ದೇನೆ.

ಮೊದಲು ಶಟರ್ ವೇಗವನ್ನು, ಅಂದರೆ ಒಂದು ಚಿತ್ರಕ್ಕೆ ಬೆಳಕು ಒಳಬರುವ ಅವಧಿಯನ್ನು, ನಿಗದಿ ಮಾಡುತ್ತೇನೆ. ಕಬಡ್ಡಿಗೆ 1/500 ಸೆಕೆಂಡ್, ಬ್ಯಾಡ್ಮಿಂಟನ್‌ಗೆ 1/800, ಇದಕ್ಕಿಂತ ಕೆಳಗಿಳಿಯುವುದಿಲ್ಲ. ಆಮೇಲೆ ಲೆನ್ಸನ್ನು ಪೂರ್ತಿ ತೆರೆದು, ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟವಾದ ಐಎಸ್‌ಒ ಎಷ್ಟು ಬೇಕೋ ಅಷ್ಟಕ್ಕೆ ಏರಿಸುತ್ತೇನೆ. 3200 ಸಾಲದಿದ್ದರೆ 6400. ಚಿತ್ರದಲ್ಲಿ ನಾಯ್ಸ್, ಅಂದರೆ ಮರಳಿನಂಥ ಚುಕ್ಕೆಗಳು, ಬರುತ್ತದೆ, ಬರಲಿ. ಪತ್ರಿಕೆಯ ಅಚ್ಚಿನಲ್ಲಿ ಅದು ಕಣ್ಣಿಗೆ ಬೀಳುವುದೇ ಅಪರೂಪ. ಅಲುಗಿದ ಮುಖ ಮಾತ್ರ ಎಲ್ಲಿ ಹಾಕಿದರೂ ಅಲುಗಿದ ಮುಖವೇ.

ಲೆನ್ಸಿನ ವಿಷಯದಲ್ಲಿ ನನ್ನದು ಖಚಿತ ಅಭಿಪ್ರಾಯ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ಬೆಳಕು ಬಿಡುತ್ತದೆ. ಎಫ್ 2.8ರ 70-200 ಎಂಎಂ ಜೂಮ್ ಕೊಳ್ಳುವ ಶಕ್ತಿ ಎಲ್ಲರಿಗೂ ಇಲ್ಲ; ಎಫ್ 1.8ರ 85 ಎಂಎಂ ಅದರ ಬೆಲೆಯ ಸಣ್ಣ ಪಾಲಿಗೆ ಸಿಗುತ್ತದೆ. ಕ್ಯಾಮೆರಾದ ಜೊತೆ ಬರುವ ಜೂಮ್ ಲೆನ್ಸ್ ಎಫ್ 5.6ರಲ್ಲಿ ಕೊಡುವ ಬೆಳಕಿನ ಸುಮಾರು ಹತ್ತು ಪಟ್ಟು ಇದು ಕೊಡುತ್ತದೆ. ಆದರೆ ಎಂಟು ಮೀಟರ್ ದೂರದಲ್ಲಿ ಸ್ಪಷ್ಟವಾಗಿ ಮೂಡುವ ಆಳ ಒಂದು ಮೀಟರಿಗಿಂತ ಕಡಿಮೆ. ಆದ್ದರಿಂದ ಫೋಕಸ್ ಆಟಗಾರನನ್ನು ಬಿಡದೆ ಹಿಂಬಾಲಿಸುವಂತೆ ಇಟ್ಟುಕೊಳ್ಳಬೇಕು.

ಹೊಸಬರನ್ನು ಹೆಚ್ಚು ಕಂಗೆಡಿಸುವುದು ದೀಪಗಳ ಮಿನುಗು. ನಮ್ಮ ವಿದ್ಯುತ್ 50 ಹರ್ಟ್ಸಿನದು. ಮೆಟಲ್ ಹಾಲೈಡ್ ದೀಪಗಳು, ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಬಾರಿ ಏರಿ ಇಳಿಯುತ್ತವೆ. 1/100ರಲ್ಲಿ ತೆಗೆದರೆ ಒಂದು ಪೂರ್ತಿ ಏರಿಳಿತ ಚಿತ್ರದೊಳಗೆ ಸೇರಿ ಬೆಳಕು ಸಮವಾಗಿರುತ್ತದೆ. 1/800ರಲ್ಲಿ ಅದರ ಎಂಟನೇ ಒಂದು ಪಾಲಷ್ಟೇ ಸಿಗುತ್ತದೆ. ಹೀಗಾಗಿ ಬೆನ್ನುಬೆನ್ನಿಗೆ ತೆಗೆದ ಚಿತ್ರಗಳಲ್ಲೇ ಒಂದು ಬೆಳ್ಳಗೆ, ಒಂದು ಹಳದಿ, ಮತ್ತೊಂದು ಮಸುಕು. ಈಚಿನ ಹಲವು ಕ್ಯಾಮೆರಾಗಳಲ್ಲಿ ಮಿನುಗು ತಡೆಯುವ ಆಯ್ಕೆ ಇದೆ. ಬೆಳಕು ತುದಿಗೇರಿದಾಗಲೇ ಶಟರ್ ತೆರೆಯುವಂತೆ ಅದು ನೋಡಿಕೊಳ್ಳುತ್ತದೆ. ಅದಿಲ್ಲದವರು ರಾ, ಅಂದರೆ ಕ್ಯಾಮೆರಾ ಸಂಸ್ಕರಿಸದ ಮೂಲ ಕಡತದಲ್ಲಿ ತೆಗೆದು ಬಣ್ಣವನ್ನು ಆಮೇಲೆ ತಿದ್ದಿಕೊಳ್ಳಬಹುದು. ಫ್ಲ್ಯಾಶ್ ಬೇಡವೇ ಬೇಡ. ಶಟಲ್‌ಕಾಕ್ ಮೇಲೆ ಕಣ್ಣಿಟ್ಟ ಹುಡುಗಿಯ ಮುಖಕ್ಕೆ ಬೆಳಕು ಚಿಮ್ಮಿಸುವುದು ಅನ್ಯಾಯ.

ಇನ್ನು ಯಾವ ಕ್ಷಣವನ್ನು ಹಿಡಿಯಬೇಕು? ಭಾರತದ ಬ್ಯಾಡ್ಮಿಂಟನ್ ಆಟಗಾರ ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿ 2023ರಲ್ಲಿ ದಾಖಲಿಸಿದ ಸ್ಮ್ಯಾಶ್‌ನ ವೇಗ ಗಂಟೆಗೆ 565 ಕಿಲೋಮೀಟರ್. ಆ ವೇಗದಲ್ಲಿ 1/1000 ಸೆಕೆಂಡಿಗೆ ಶಟಲ್‌ಕಾಕ್ ಸುಮಾರು 16 ಸೆಂಟಿಮೀಟರ್ ಸಾಗಿರುತ್ತದೆ. ನಮ್ಮೂರಿನ ಸ್ಮ್ಯಾಶ್ ಅಷ್ಟಿರದಿದ್ದರೂ ಅದನ್ನು ನಿಲ್ಲಿಸುವ ಹಟ ನನಗಿಲ್ಲ. ನಾನು ಕಾಯುವುದು ಆಟಗಾರ ಜಿಗಿದು ತುದಿ ಮುಟ್ಟುವ ಕ್ಷಣವನ್ನು. ಮೇಲೇರುವುದು ನಿಂತು ಕೆಳಗಿಳಿಯುವುದು ಶುರುವಾಗುವ ಮುನ್ನ ದೇಹ ಒಂದಿಷ್ಟು ತಡೆಯುತ್ತದೆ. ಕಡಿಮೆ ಬೆಳಕಿನಲ್ಲಿ ನಮಗೆ ದಕ್ಕುವುದು ಆ ತಡೆಯೇ. ಎದುರು ಅಂಕಣದ ಹೊರಗೆ, ಮೂಲೆಯಲ್ಲಿ ಕುಳಿತರೆ ಫೋಕಸ್ ನೆಟ್ಟಿಗೆ ಸಿಕ್ಕಿಕೊಳ್ಳುವುದು ಕಡಿಮೆ, ಮುಖವೂ ಕಾಣುತ್ತದೆ.

ಮಲೆನಾಡಿನಲ್ಲಿ ಇನ್ನೊಂದು ಕಾಟವಿದೆ. ಚಳಿಯಲ್ಲಿ ಬೈಕಿನಲ್ಲಿ ತಂದ ಲೆನ್ಸ್, ಜನ ತುಂಬಿದ ಬೆಚ್ಚನೆಯ ಸಭಾಂಗಣದಲ್ಲಿ ತೆಗೆದೊಡನೆ ಮಂಜಾಗುತ್ತದೆ. ಚೀಲದ ಜಿಪ್ ತೆರೆಯದೆ ಅರ್ಧ ಗಂಟೆ ಹಾಗೇ ಇಡುತ್ತೇನೆ. ಒಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳಿರುತ್ತವೆ.

ಕಬಡ್ಡಿಯಲ್ಲಿ ಕೂರುವ ಜಾಗವೇ ಅರ್ಧ ಕೆಲಸ. ಹೆಚ್ಚಿನವರು ರೈಡರ್ ಎದುರಾಳಿಗಳ ಕಡೆ ನುಗ್ಗುವುದನ್ನು ತೆಗೆಯಲು ಆ ತುದಿಗೆ ಹೋಗುತ್ತಾರೆ. ನಾನು ರೈಡರ್‌ನ ಸ್ವಂತ ಅಂಕಣದ ಹಿಂದೆ ಕೂರುತ್ತೇನೆ. ಹೋಗುವಾಗ ಅವನ ಬೆನ್ನು ಕಾಣುತ್ತದೆ, ನಿಜ. ಆದರೆ ಹಿಡಿತಕ್ಕೆ ಸಿಕ್ಕು, ಕಾಲಿಗೆ ಜೋತುಬಿದ್ದವರನ್ನೂ ಎಳೆದುಕೊಂಡು ನಡುಗೆರೆಗೆ ಕೈ ಚಾಚುವಾಗ ಮುಖ ನನ್ನ ಕಡೆಗಿರುತ್ತದೆ. ಬಿಗಿಹಿಡಿತದಲ್ಲಿ ಎಲ್ಲರ ಚಲನೆಯೂ ತಗ್ಗಿರುವುದರಿಂದ 1/500 ಸಾಕಾಗುತ್ತದೆ. ವಿರಾಮದ ನಂತರ ತಂಡಗಳು ಅಂಕಣ ಬದಲಿಸುತ್ತವೆ. ನಮ್ಮ ಜಿಲ್ಲೆಯ ರೈಡರ್ ಬೇಕಿದ್ದರೆ ಆಗ ನಾನೂ ಚೀಲ ಎತ್ತಿಕೊಂಡು ಇನ್ನೊಂದು ತುದಿಗೆ ಹೋಗುತ್ತೇನೆ.